ಯಾವ ಮಗ್ಗಿಗೂ ಸಿಗದ ಶಿರಾ

ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವ ಕೆಲಸ ಮನೆಯ ಹೆಂಗಸರದು, ಲಕೋಟೆಯ ಮೇಲೆ ವಿಳಾಸ ಬರೆಯುವ ಕೆಲಸ ನನ್ನದು. ಅಕ್ಷರ ದುಂಡಗಿದೆ ಎಂಬುದಷ್ಟೇ ಇದಕ್ಕಿರುವ ಅರ್ಹತೆ. ತಮ್ಮನ ಮಗಳ ಮದುವೆಗೆ ಇನ್ನೂರು ಚಿಲ್ಲರೆ ಲಕೋಟೆ ಬರೆದೆ. ಅದರಲ್ಲಿ ಒಂದು, ಮಧುಗಿರಿ ತಾಲ್ಲೂಕು ಕೊಡಿಗೇನಹಳ್ಳಿಯಲ್ಲಿರುವ ನಮ್ಮ ಸೋದರತ್ತೆಗೆ.

ಅತ್ತೆ ಮದುವೆಗೆ ಬರಲಿಲ್ಲ. ಫೋನಿನಲ್ಲಿ ಕರೆದಿದ್ದೆವು, ನಿಜ. ಆದರೆ ಪತ್ರಿಕೆ ಕೈಗೆ ಬಾರದೆ ಚಪ್ಪಲಿ ಮೆಟ್ಟುವ ಪೈಕಿಯವರಲ್ಲ ಅವರು. ತಪ್ಪೊಪ್ಪಿಗೆಗೆಂದು ಎಲೆ ಅಡಿಕೆ, ಬಾಳೆಹಣ್ಣು ಹಿಡಿದು ಕೊಡಿಗೇನಹಳ್ಳಿಗೆ ಹೋದಾಗ ಅವರು ಮಾತಿಲ್ಲದೆ ಒಳಗಿಂದ ಲಕೋಟೆ ತಂದು ಮುಂದಿಟ್ಟರು. ಹಿಂಬದಿಯಲ್ಲಿ ಶಿರಾ ಅಂಚೆ ಕಚೇರಿಯ ದುಂಡು ಮೊಹರು. ಮುಂಬದಿಯಲ್ಲಿ ನನ್ನದೇ ದುಂಡಗಿನ ಅಂಕಿಗಳು: 572137. ಯಾರೋ ಪುಣ್ಯಾತ್ಮರು ನೀಲಿ ಬಾಲ್‌ಪೆನ್ನಿನಲ್ಲಿ ಅದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ 572127 ಎಂದು ಬರೆದು ಮುಂದಕ್ಕೆ ಕಳಿಸಿದ್ದರು.

‘ಕೊಡಿಗೇನಹಳ್ಳಿ ಅಂತ ಅಷ್ಟು ದಪ್ಪಗೆ ಬರ್ದು, ನಂಬರು ಮಾತ್ರ ಶಿರಾದ್ದು ಹಾಕಿದ್ದೀಯಲ್ಲೋ. ತಾಳಿ ಕಟ್ಟಿ ನಾಕು ದಿನ ಆದ್ಮೇಲೆ ಬಂತು ನೋಡು ನಿನ್ ಕಾಗ್ದ’ ಎಂದರು. ‘ನಂದೇ ತಪ್ಪು ಅತ್ತೆ, ಎರಡು ಬರೆಯೋ ಕಡೆ ಮೂರು ಬರೆದ್ಬಿಟ್ಟೆ’ ಅಂದೆ. ಎಂಟನೇ ಕ್ಲಾಸಿನ ಅವರ ಮೊಮ್ಮಗಳು ಕಿಸಕ್ಕೆಂದಳು. ಅಂಚೆಯವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದರ ಹಿಂದಿದ್ದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಸಂಸ್ಕೃತದ ಕವಿಯೂ ಹೌದು. ಒಂದೇ ಹೆಸರಿನ ಹತ್ತಾರು ಊರು, ಒಂದೊಂದು ಸೀಮೆಗೆ ಒಂದೊಂದು ಲಿಪಿ. ಕಾಗದ ದಾರಿ ತಪ್ಪದೆ ಇನ್ನೇನು? ನಮ್ಮ ಕೊಡಿಗೇನಹಳ್ಳಿಯನ್ನೇ ನೋಡಿ. ಗಡಿಯಾಚೆ, ಹಿಂದೂಪುರದ ಬಳಿಯ ಪರಿಗಿ ಮಂಡಲದಲ್ಲೂ ಒಂದು ಕೊಡಿಗೇನಹಳ್ಳಿ ಇದೆ, ಅಲ್ಲೊಂದು ಹೆಸರಾಂತ ವಸತಿ ಶಾಲೆಯೂ ಇದೆ. ಆರು ಅಂಕಿಯ ಸಂಖ್ಯೆ ಇಂಥ ಗೊಂದಲವನ್ನು ಒಂದೇ ಏಟಿಗೆ ಬಗೆಹರಿಸಿತು. ಮೊದಲ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರಂಕಿ 572 ಎಂದರೆ ತುಮಕೂರಿನ ವಿಂಗಡಣೆ. ಕೊನೆಯ ಮೂರು ಬಟವಾಡೆ ಕಚೇರಿಯದು. ಪಾವಗಡ ತುಮಕೂರು ಜಿಲ್ಲೆಯಲ್ಲಿದ್ದೂ 572ರ ಬಳಗಕ್ಕೆ ಸೇರಿಲ್ಲ, ಅದರದು 561202. ಅದರ ಮುಂದಿನ ಸಂಖ್ಯೆ 561203 ದೊಡ್ಡಬಳ್ಳಾಪುರಕ್ಕೆ ಹೋಗಿದೆ. ನೆಲದ ಮೇಲೆ ಇವೆರಡೂ ಎಷ್ಟೋ ದೂರ. ಪಕ್ಕಪಕ್ಕದ ಎರಡು ಪೂರ್ಣಸಂಖ್ಯೆಗಳಿಗೆ ಒಂದನ್ನು ಬಿಟ್ಟರೆ ಸಾಮಾನ್ಯ ಅಪವರ್ತನವೇ ಇರುವುದಿಲ್ಲ ಎಂಬುದು ಗಣಿತದ ನಿಯಮ. ಗೋಡೆಗೆ ಗೋಡೆ ತಾಗಿದ್ದರೂ ಹೊಕ್ಕು ಬಳಕೆ ಇಲ್ಲದ ಮನೆಗಳಿದ್ದ ಹಾಗೆ.

ಪಿನ್‌ಕೋಡಿಗಿರುವ ಒಂದು ಕೊರತೆ ನನ್ನ ಲಕೋಟೆಯಿಂದ ಗೊತ್ತಾಗುತ್ತದೆ. ಒಂದಂಕಿ ತಪ್ಪಿದರೆ ‘ಇಂಥ ಸಂಖ್ಯೆಯೇ ಇಲ್ಲ’ ಎಂದು ಅದು ಎಚ್ಚರಿಸುವುದಿಲ್ಲ. ತಪ್ಪೇ ಇನ್ನೊಂದು ಊರಾಗಿ ನಿಂತುಬಿಡುತ್ತದೆ. ಆಧಾರ್ ಸಂಖ್ಯೆ ಹಾಗಲ್ಲ. ಅದರ ಹನ್ನೆರಡು ಅಂಕಿಗಳಲ್ಲಿ ಕೊನೆಯದು ಕಾವಲುಗಾರ. ಮೊದಲ ಹನ್ನೊಂದನ್ನು ಒಂದು ಲೆಕ್ಕಕ್ಕೆ ಹಾಕಿದರೆ ಬರುವ ಉತ್ತರವೇ ಆ ಕೊನೆಯ ಅಂಕಿ. ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ 1969ರಲ್ಲಿ ಕೊಟ್ಟ ಈ ಉಪಾಯ, ಯಾವುದೇ ಒಂದಂಕಿ ತಪ್ಪಿದರೂ, ಅಕ್ಕಪಕ್ಕದ ಎರಡಂಕಿ ಅದಲುಬದಲಾದರೂ ಹಿಡಿದು ನಿಲ್ಲಿಸುತ್ತದೆ.

ನಾವು ಓದುವಾಗ ಇಂಥದ್ದೇ ಒಂದು ಕಾವಲು ಸ್ಲೇಟಿನ ಮೇಲಿತ್ತು. ದೊಡ್ಡ ಗುಣಾಕಾರ ಮುಗಿಸಿದ ಮೇಲೆ ಮೇಷ್ಟ್ರು ಒಂಬತ್ತರ ತಾಳೆ ನೋಡಿಸುತ್ತಿದ್ದರು. ಅಂಕಿಗಳನ್ನೆಲ್ಲ ಕೂಡು, ಬಂದದ್ದನ್ನು ಮತ್ತೆ ಕೂಡು, ಒಂದಂಕಿಗೆ ಇಳಿಸು. ಎರಡು ಕಡೆಯ ಒಂದಂಕಿಗಳ ಗುಣಲಬ್ಧವೂ ಉತ್ತರದ ಒಂದಂಕಿಯೂ ಹೊಂದಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7,686,369,774,870 ಅನ್ನು 2,465,099,745,779ರಿಂದ ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರಲ್ಲ, ಅದಕ್ಕೂ ಈ ತಾಳೆ ಹಾಕಬಹುದು. ಮೊದಲನೆಯದರ ಅಂಕಿಗಳ ಮೊತ್ತ 78, ಇಳಿಸಿದರೆ 6. ಎರಡನೆಯದರದು 74, ಇಳಿಸಿದರೆ 2. ಆರೆರಡ್ಲ ಹನ್ನೆರಡು, ಇಳಿಸಿದರೆ 3. ಅವರು ಹೇಳಿದ ಉತ್ತರ 18,947,668,177,995,426,462,773,730. ಇಪ್ಪತ್ತಾರು ಅಂಕಿಗಳ ಮೊತ್ತ 138, ಅದೂ 3. ಅವರ ಹಾಗೆ ಗುಣಿಸಲು ನಮ್ಮಿಂದಾಗದು. ತಾಳೆ ನೋಡಲು ಹಳ್ಳಿ ಶಾಲೆಯ ಲೆಕ್ಕ ಸಾಕು.

ಒಂಬತ್ತರ ತಾಳೆಗೂ ಒಂದು ಕುರುಡು ಇದೆ. ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗದು, ತಪ್ಪು ನುಸುಳಿ ಹೋಗುತ್ತದೆ. ವೆರ್ಹೂಫ್ ಮುಚ್ಚಿದ್ದು ಈ ಕಿಂಡಿಯನ್ನೇ.

ಅತ್ತೆ ಕಾಫಿ ತರಲು ಒಳಗೆ ಹೋದಾಗ ಮೊಮ್ಮಗಳು ಲಕೋಟೆಯ ಎರಡು ಸಂಖ್ಯೆಗಳನ್ನು ದಿಟ್ಟಿಸುತ್ತ, ‘ನಮ್ಮೂರು ಮೂರರ ಮಗ್ಗೀಲಿ ಬರುತ್ತೆ, ಶಿರಾ ಬರಲ್ಲ’ ಎಂದಳು. ಐದು ಏಳು ಹನ್ನೆರಡು, ಎರಡು ಹದಿನಾಲ್ಕು, ಒಂದು ಹದಿನೈದು, ಎರಡು ಹದಿನೇಳು, ಏಳು ಇಪ್ಪತ್ತನಾಲ್ಕು. ಮೂರರಿಂದ ಭಾಗವಾಗುತ್ತದೆ. ಭಾಗಿಸಿದರೆ 190709. ಅದನ್ನು ಇನ್ನೂ ಒಡೆಯಬಹುದೇ ಎಂದು ನೋಡುತ್ತ ಕೂತೆವು. ಒಡೆಯಲಿಲ್ಲ, ಅದು ಅವಿಭಾಜ್ಯ. ಕೊಡಿಗೇನಹಳ್ಳಿ ಎಂದರೆ 3 × 190709, ಅಲ್ಲಿಗೆ ಮುಗಿಯಿತು.

ಕಾಫಿ ಲೋಟ ಖಾಲಿಯಾಗುವ ಹೊತ್ತಿಗೆ ಸುತ್ತಲ ತಾಲ್ಲೂಕುಗಳೆಲ್ಲ ನೋಟ್‌ಬುಕ್ಕಿಗೆ ಬಂದವು. ಮಧುಗಿರಿಯದು 572132. ಸಮಸಂಖ್ಯೆ, ಸುಲಭದ ಕುಳ. ಅದಕ್ಕಿಂತ ಚೆಂದದ ಗುಟ್ಟೊಂದಿದೆ: ಒಂದು ಬಿಟ್ಟು ಒಂದು ಅಂಕಿ ಕೂಡಿ. 5, 2, 3 ಸೇರಿ ಹತ್ತು. ಉಳಿದ 7, 1, 2 ಸೇರಿದರೂ ಹತ್ತು. ತಕ್ಕಡಿಯ ಎರಡು ತಟ್ಟೆ ಸಮ ತೂಗಿದರೆ ಆ ಸಂಖ್ಯೆ 11ರ ಮಗ್ಗಿಯಲ್ಲಿ ಬರುತ್ತದೆ. 2 × 2 × 11 × 13003. ಪಾವಗಡ 2 × 277 × 1013. ಜಿಲ್ಲಾ ಕೇಂದ್ರ ತುಮಕೂರಿನ ಪ್ರಧಾನ ಅಂಚೆ ಕಚೇರಿಯ 572101 ಮೂರು ಹೋಳಾಗುತ್ತದೆ: 17, 73, 461.

ಕೊರಟಗೆರೆ, 572129, ಸ್ವಲ್ಪ ಸತಾಯಿಸಿತು. ಎರಡು, ಮೂರು, ಐದು, ಏಳು ಎಂದು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗಿ ಇಪ್ಪತ್ತೆಂಟನೆಯದಕ್ಕೆ ಬಾಗಿಲು ತೆರೆಯಿತು: 107 × 5347. ಎರಡೂ ಅವಿಭಾಜ್ಯ. ನಮ್ಮ ದುಡ್ಡಿಗೆ ಕಾವಲಿರುವುದು ಇಂಥದ್ದೇ ಬೀಗ. ಎರಡು ಅವಿಭಾಜ್ಯಗಳನ್ನು ಗುಣಿಸುವುದು ಸಲೀಸು, ಗುಣಲಬ್ಧವನ್ನು ಕೊಟ್ಟು ಆ ಎರಡು ಯಾವುವೆಂದು ಕೇಳಿದರೆ ಬೆವರು ಇಳಿಯುತ್ತದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಏಕಮುಖ ದಾರಿಯನ್ನೇ ಗುಪ್ತಲಿಪಿಯಾಗಿಸಿದರು. ಅವರ ವಿಧಾನದಲ್ಲಿ ಈಗ ಸಾಮಾನ್ಯವಾಗಿ ಬಳಸುವ ಬೀಗದ ಸಂಖ್ಯೆಗೆ 617 ಅಂಕಿ. ಕೊರಟಗೆರೆಯ ಬೀಗಕ್ಕೆ ಆರೇ ಅಂಕಿ, ಒಂದು ಲೋಟ ಕಾಫಿಗೆ ಬಿಚ್ಚಿಕೊಂಡಿತು.

ಬಿಚ್ಚಿಕೊಳ್ಳದೆ ಉಳಿದದ್ದು ಶಿರಾ. ಲಕೋಟೆಯನ್ನು ದಾರಿ ತಪ್ಪಿಸಿದ 572137 ಆ ದಿನ ಪೂರ್ತಿ ನಮ್ಮನ್ನು ಕೂರಿಸಿತು. ಒಂದು ಸಂಖ್ಯೆ ಎರಡರ ಗುಣಲಬ್ಧವಾಗಿದ್ದರೆ ಆ ಎರಡರಲ್ಲಿ ಚಿಕ್ಕದು ಅದರ ವರ್ಗಮೂಲವನ್ನು ಮೀರುವಂತಿಲ್ಲ. 757ನ್ನು 757ರಿಂದ ಗುಣಿಸಿದರೆ 573049, ಶಿರಾವನ್ನು ದಾಟಿಬಿಡುತ್ತದೆ. ಹಾಗಾಗಿ 756ರೊಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಅವು ಒಟ್ಟು 133. ಎರಡು, ಮೂರು, ಐದು, ಹನ್ನೊಂದನ್ನು ಕಣ್ಣಳತೆಯಲ್ಲೇ ತೆಗೆದರೂ 129 ಭಾಗಾಕಾರ ಉಳಿಯಿತು. ಮೊಬೈಲು ಕೈಯಲ್ಲಿತ್ತು, ಹಟಕ್ಕೆ ಮುಟ್ಟಲಿಲ್ಲ. ಹುಡುಗಿ ನೋಟ್‌ಬುಕ್ಕಿನ ಎಡ ಪುಟ, ನಾನು ಬಲ ಪುಟ.

ಏಳರಿಂದ ಭಾಗಿಸಿದರೆ ಆರು ಉಳಿಯಿತು. ಹದಿನೇಳರಿಂದ ಎರಡು. ಮೂವತ್ತೊಂದಕ್ಕೆ ಬಂದಾಗ ಇಬ್ಬರೂ ಉಸಿರು ಬಿಗಿ ಹಿಡಿದೆವು. 31 × 18456 ಅಂದರೆ 572136, ಒಂದೇ ಒಂದು ಉಳಿಯಿತು. 421ರಲ್ಲಿ ಮತ್ತೆ ಆಸೆ ಹುಟ್ಟಿತು. 1359ರಿಂದ ಗುಣಿಸಿದರೆ ಎರಡು ಹೆಚ್ಚಾಗಿ ಹೋಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊನೆಯ 751ಕ್ಕೆ ಬಂದು, ಶೇಷ 626 ಬರೆದು ಪೆನ್ಸಿಲು ಕೆಳಗಿಟ್ಟೆವು. ಶಿರಾ ಅವಿಭಾಜ್ಯ. ಒಂದರ ಮಗ್ಗಿ, ತನ್ನದೇ ಮಗ್ಗಿ ಬಿಟ್ಟರೆ ಬೇರಾವ ಮಗ್ಗಿಯಲ್ಲೂ ಅದು ಬರುವುದಿಲ್ಲ. ಮೊಗಲರ ಕಾಲಕ್ಕೆ ಸುಬಾದ ರಾಜಧಾನಿಯಾಗಿ ಮೆರೆದು, ಎಷ್ಟೋ ಬಾವುಟ ಕಂಡು, ಎಷ್ಟೋ ಜನರ ಪಾಲಾದ ಊರದು. ಅದರ ಸಂಖ್ಯೆ ಮಾತ್ರ ಯಾರಿಗೂ ಪಾಲು ಕೊಡಲಿಲ್ಲ.

ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ ಹದಿಮೂರಕ್ಕೊಂದು ಅವಿಭಾಜ್ಯ ಸಿಗುತ್ತದೆ. ಸಂಖ್ಯೆ ಬೆಳೆದಂತೆ ಅವು ಯಾವ ಲಯದಲ್ಲಿ ವಿರಳವಾಗುತ್ತವೆ ಎಂಬುದನ್ನು ಗೌಸ್ ಹದಿಹರೆಯದಲ್ಲೇ ಊಹಿಸಿದ್ದ. ಅದು ಸಾಬೀತಾದದ್ದು 1896ರಲ್ಲಿ, ಹಡಮಾರ್ ಮತ್ತು ದ ಲಾ ವಾಲೆ ಪೂಸಾಂ ಅವರಿಂದ, ಬೇರೆ ಬೇರೆಯಾಗಿ. ವಿರಳವಾದರೂ ಮುಗಿಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ಒಂದು ಅವಿಭಾಜ್ಯಕ್ಕೆ 4,10,24,320 ಅಂಕಿಗಳು. ಪುಟಕ್ಕೆ ಐದು ಸಾವಿರ ಅಂಕಿ ತುರುಕಿದರೂ ಎಂಟು ಸಾವಿರ ಪುಟ ದಾಟುತ್ತದೆ. ಎರಡನ್ನು 13,62,79,841 ಸಲ ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ ಅದು. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಎಂಬುದನ್ನು ಹೀಗೆ ಒಂದೊಂದರಿಂದ ಭಾಗಿಸದೆ ಖಚಿತವಾಗಿ, ಚುರುಕಾಗಿ ಹೇಳುವ ದಾರಿಯನ್ನು 2002ರಲ್ಲಿ ತೋರಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಅತ್ತೆಯ ಜಗಲಿಯಲ್ಲಿ ನಮಗೆ ಆ ಚುರುಕು ಬೇಕಿರಲಿಲ್ಲ.

ನನ್ನನ್ನು ಕಾಡಿದ್ದು ಬೇರೆ. 1972ರಲ್ಲಿ ಪಟ್ಟಿ ತಯಾರಿಸಿದವರು ಒಂದು ಮನೆ ಆಚೀಚೆ ಕೂರಿಸಿದ್ದರೆ ಶಿರಾಕ್ಕೆ ಬೇರೊಂದು ಸಂಖ್ಯೆ ಬರುತ್ತಿತ್ತು. 572137 ಆಗಲೂ ಹೀಗೇ ಒಡೆಯದೆ ಇರುತ್ತಿತ್ತು, ಇನ್ನಾವುದೋ ಊರಿನ ಮೊಹರಿನ ಪಕ್ಕ. ಸಂಖ್ಯೆಯನ್ನು ಊರಿಗೆ ಅಂಟಿಸಿದ್ದು ಇಲಾಖೆ. ಅದರ ಸ್ವಭಾವವನ್ನು ಯಾವ ಇಲಾಖೆಯೂ ಮಂಜೂರು ಮಾಡಿಲ್ಲ.

ಸಂಖ್ಯೆಯ ಸ್ವಭಾವದ ಹುಚ್ಚು ಈ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟವನು ಅವನು. ಗುಣಾಕಾರದ ಭಾಗದಲ್ಲಿ ಅವನು ಕೊಡುವ ಕೆಲವು ಲೆಕ್ಕಗಳ ಉತ್ತರಗಳು ಹಾರದಂತಿರುತ್ತವೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 139ನ್ನು 109ರಿಂದ ಗುಣಿಸು: 15151. 152207ನ್ನು 73ರಿಂದ: ಎಂಟು ಒಂದುಗಳ ಸಾಲು. 142857143ನ್ನು ಏಳರಿಂದ: 1000000001, ನಡುವೆ ಬರೀ ಸೊನ್ನೆ, ಎರಡು ತುದಿಗೆ ಒಂದೊಂದು ಮಣಿ. ನನಗೆ ಹೆಚ್ಚು ಇಷ್ಟವಾದದ್ದು 27994681 × 441. ಉತ್ತರ 12345654321, ಒಂದರಿಂದ ಆರರವರೆಗೆ ಹತ್ತಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಒಳಗಿನ ಕೈಚಳಕ ನೋಡಿ. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ, 21 × 5291 ಎಂದರೆ 111111. ಆರು ಒಂದುಗಳ ವರ್ಗವನ್ನು ಎರಡು ಹೋಳು ಮಾಡಿ, ಗುರುತು ಸಿಗದಂತೆ ಶಿಷ್ಯನ ಮುಂದಿಟ್ಟಿದ್ದಾನೆ. ತುಂಟ ಮೇಷ್ಟ್ರು. ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದ ಮೂಲಕ ಲೆಕ್ಕವನ್ನು ಕನ್ನಡದಲ್ಲೇ ಹೇಳಿದ, ಆದರೆ ಆಟದ ಖುಷಿಗೆ ನಾನು ಮಹಾವೀರನ ಬಳಿಗೇ ಹೋಗುತ್ತೇನೆ.

ಸುಮಾರು ಸಾವಿರದ ನೂರು ವರ್ಷ ಕಳೆದ ಮೇಲೆ ಇದೇ ಹಾರದ ಸಂಖ್ಯೆಗಳು ಇನ್ನೊಬ್ಬ ಮೇಷ್ಟ್ರ ಕೈಗೆ ಸಿಕ್ಕವು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 121, 12321, 1234321ರ ಬಗೆಯ ಸಂಖ್ಯೆಗಳನ್ನು ಅವರು ‘ಡೆಮ್ಲೋ’ ಎಂದು ಕರೆದರು. ಆ ಯೋಚನೆ ಹೊಳೆದದ್ದು ಮುಂಬಯಿಗೆ ಹೋಗುವ ರೈಲು ದಾರಿಯ ಡೆಮ್ಲೋ ನಿಲ್ದಾಣದಲ್ಲಂತೆ. ಅದು ಈಗಿನ ಡೊಂಬಿವಿಲಿ. ವೇಲಣಕರ್ ಊರಿಗೆ ಸಂಖ್ಯೆ ಕೊಟ್ಟರು, ಕಾಪ್ರೇಕರ್ ಸಂಖ್ಯೆಗೆ ಊರಿನ ಹೆಸರಿಟ್ಟರು.

ಕಾಪ್ರೇಕರ್ ಹೆಸರು ಅತ್ತೆಯ ಮೊಮ್ಮಗಳಿಗೂ ಗೊತ್ತಿತ್ತು. ‘6174 ಮಾಡಿದ್ದೀರಾ?’ ಎಂದು ಕೇಳಿದಳು. ನಾಲ್ಕಂಕಿಯ ಒಂದು ಸಂಖ್ಯೆ ತೆಗೆದುಕೋ, ಎಲ್ಲ ಅಂಕಿಯೂ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆ, ಏರಿಕೆ ಕ್ರಮದಲ್ಲಿ ಬರೆ, ದೊಡ್ಡದರಿಂದ ಚಿಕ್ಕದನ್ನು ಕಳೆ. ಬಂದದ್ದಕ್ಕೂ ಹಾಗೇ ಮಾಡು. ಏಳು ಸಲದೊಳಗೆ 6174ಕ್ಕೆ ಬಂದು ನಿಲ್ಲುತ್ತದೆ, ಅಲ್ಲಿಂದ ಕದಲುವುದಿಲ್ಲ. ‘ಆರಂಕಿಗೆ ಏನಾಗುತ್ತೆ?’ ಅಂದಳು. ಆರಂಕಿಗೆ ಒಂದೇ ನಿಲ್ದಾಣವಿಲ್ಲ. 549945, 631764 ಎಂಬ ಎರಡು ನಿಲ್ದಾಣಗಳಿವೆ. ಬಹುಪಾಲು ಸಂಖ್ಯೆಗಳು ಅವೆರಡಕ್ಕೂ ಹೋಗದೆ ಏಳು ಸಂಖ್ಯೆಗಳ ಒಂದು ಸುಳಿಗೆ ಬಿದ್ದು ಗಿರಕಿ ಹೊಡೆಯುತ್ತವೆ. 420876, 851742, 750843, 840852, 860832, 862632, 642654, ಮತ್ತೆ 420876.

ಅವಳಾಗಲೇ ಹೊಸ ಪುಟ ತಿರುವಿ ತನ್ನೂರಿನಿಂದ ಶುರುಮಾಡಿದ್ದಳು. 775221ರಲ್ಲಿ 122577 ಹೋದರೆ 652644. ಇನ್ನೊಂದು ಸಲ ಕಳೆದರೆ 420876, ಎರಡೇ ಹೆಜ್ಜೆಗೆ ಸುಳಿಯೊಳಗೆ. ಪಾವಗಡ, ಕೊರಟಗೆರೆ ಬೇರೆ ಬೇರೆ ಕಡೆಯಿಂದ ಹೊರಟವು, ಮೂರನೇ ಹೆಜ್ಜೆಗೆ ಎರಡೂ 820872 ತಲುಪಿದವು. ಅಲ್ಲಿಂದ ಜೊತೆಯಾಗಿ ನಡೆದು ಏಳನೇ ಹೆಜ್ಜೆಯಲ್ಲಿ ಕೊಡಿಗೇನಹಳ್ಳಿ ತುಳಿದಿದ್ದ 652644ಕ್ಕೇ ಬಂದವು. ಮಧುಗಿರಿ ಬಹಳ ಸುತ್ತು ಹಾಕಿತು. 630864, 831762, 752643 ಎಂದು ಬೆಟ್ಟ ಬಳಸಿದಂತೆ ಬಳಸಿ, ಹತ್ತನೇ ಹೆಜ್ಜೆಗೆ 651744, ಹನ್ನೆರಡನೇ ಹೆಜ್ಜೆಗೆ ಸುಳಿ.

‘ಶಿರಾ ಉಳೀತು’ ಎಂದು ಲಕೋಟೆಯನ್ನು ಹತ್ತಿರ ಎಳೆದುಕೊಂಡಳು. 775321ರಲ್ಲಿ 123577 ಕಳೆದಳು. 651744. ‘ಇದು ಮಧುಗಿರಿ ದಾರೀಲಿ ಬಂದಿತ್ತಲ್ವಾ?’ ಹೌದು, ಬಂದಿತ್ತು. ಮುಂದಿನದು 620874. ಅದನ್ನು ಬರೆದವಳು ಪುಟದ ಮೇಲ್ಭಾಗ ನೋಡಿದಳು. ಕೊಡಿಗೇನಹಳ್ಳಿಯ ಎರಡನೇ ಹೆಜ್ಜೆ 420876, ಶಿರಾದ ಎರಡನೇ ಹೆಜ್ಜೆ 620874. ಅವೇ ಆರು ಅಂಕಿ, 4 ಮತ್ತು 6 ಮಾತ್ರ ಜಾಗ ಬದಲಿಸಿವೆ. ಇನ್ನು ಕಳೆಯುವುದೇ ಬೇಡ. ಇಳಿಕೆಯಲ್ಲಿ ಬರೆದರೆ ಎರಡೂ 876420, ಏರಿಕೆಯಲ್ಲಿ ಬರೆದರೆ ಎರಡೂ 024678. ಆದರೂ ಕಳೆದಳು. ಎರಡಕ್ಕೂ 851742.

‘ಅಜ್ಜಿ, ಶಿರಾಕ್ಕೆ ಹೋದ್ರೂ ಮೂರನೇ ಸಲಕ್ಕೆ ನಮ್ಮೂರ್ದೇ ನಂಬರ್ ಬರುತ್ತೆ’ ಎಂದು ಅಡುಗೆಮನೆ ಕಡೆ ಕೂಗಿದಳು.

‘ಅಷ್ಟೊತ್ತಿಗೆ ಮದ್ವೆ ಮುಗ್ದಿರುತ್ತೆ ಬಿಡೇ’ ಎಂದರು ಅತ್ತೆ ಒಳಗಿನಿಂದಲೇ. ಸ್ವಲ್ಪ ಹೊತ್ತಿಗೆ ಮುದ್ದೆ ಕೂಡಿಸುವ ಸದ್ದು ಕೇಳಿಸಿತು, ಊಟಕ್ಕೆ ನಿಲ್ಲು ಎಂದು ಬೇರೆ ಹೇಳಬೇಕಿರಲಿಲ್ಲ.